ಮಳೆಯಡಿ ಉಳಿದ ಮಾತು

ಪ್ರತಿ ಮೆಮೊರಿ ಕಾರ್ಡಿನ ಮೊದಲ ಫೈಲಿನಲ್ಲಿ ಅವಳ ಮಾತಿರುತ್ತಿತ್ತು. ಕಾಡಿನ ಹೆಸರು, ಪೆಟ್ಟಿಗೆಯ ನಂಬರು, ಆಗ ಗಂಟೆ ಎಷ್ಟು, ಮಳೆಯೋ ಬಿಸಿಲೋ ಮಂಜೋ. ಅಷ್ಟು ಹೇಳಿ ಅವಳು ಅಲ್ಲಿಂದ ಹೊರಡುತ್ತಿದ್ದಳು. ಎಲೆಗಳ ಮೇಲೆ ಬೂಟಿನ ಸದ್ದು ದೂರವಾದ ಮೇಲೆ ಕಾಡು ಸ್ವಲ್ಪ ಹೊತ್ತು ಸುಮ್ಮನಿದ್ದು, ಆಮೇಲೆ ಒಂದೊಂದೇ ಹಕ್ಕಿ ಮತ್ತೆ ಶುರು ಮಾಡುತ್ತಿತ್ತು.

ಹಾಗೆ ಬಾಯಿಬಿಟ್ಟು ಹೇಳು ಎಂದು ಕೇಳಿಕೊಂಡವಳು ನಾನು. ಮರಕ್ಕೆ ಬೆಲ್ಟು ಹಾಕಿ ಕಟ್ಟಿದ ಆ ಧ್ವನಿಪೆಟ್ಟಿಗೆಗಳಲ್ಲಿ ಬ್ಯಾಟರಿ ಬದಲಿಸಿದಾಗೆಲ್ಲ ಒಳಗಿನ ಗಡಿಯಾರ ತಪ್ಪುತ್ತಿತ್ತು. ಕೊಡಗಿನ ತೇವಕ್ಕೆ ಕೆಲವು ಪೆಟ್ಟಿಗೆಗಳ ಗಡಿಯಾರ ಸುಮ್ಮನಿದ್ದರೂ ಜಾರುತ್ತಿತ್ತು. ಪಕ್ಕದಲ್ಲೇ ಇರುವ ಹವಾಮಾನ ಪೆಟ್ಟಿಗೆ ಮಳೆ, ತಾಪಮಾನ, ತೇವಾಂಶವನ್ನು ಸಿಮ್ ಕಾರ್ಡಿನ ಮೂಲಕ ಸರಿಯಾದ ಸಮಯಕ್ಕೆ ಕಳಿಸುತ್ತಿದ್ದರೂ ಧ್ವನಿಯ ಗಡಿಯಾರ ತಪ್ಪಿದರೆ ಕಪ್ಪೆ ಕೂಗಿದ್ದು ಮಳೆಗೆ ಮೊದಲೋ ಆಮೇಲೋ ಎಂದು ಹೇಳಲು ಬರುವುದಿಲ್ಲ. ಅವಳು ಹೇಳಿದ ಗಂಟೆಯನ್ನು ಹಿಡಿದು ನಾನು ಇಡೀ ಕಾರ್ಡಿನ ಸಮಯವನ್ನು ಸರಿಪಡಿಸುತ್ತಿದ್ದೆ.

ಕಾಫಿ ತೋಟಗಳ ನಡುವೆ ಉಳಿದಿರುವ ದೇವರಕಾಡುಗಳಲ್ಲಿ ಮಳೆ ಬೇಗ ಬಂದಾಗ, ತಡವಾಗಿ ಬಂದಾಗ, ಒಮ್ಮೆಲೇ ಸುರಿದಾಗ ಕಪ್ಪೆ, ಹಕ್ಕಿಗಳ ಕೂಗು ಹೇಗೆ ಬದಲಾಗುತ್ತದೆ ಎಂದು ನೋಡುವುದು ನಮ್ಮ ಯೋಜನೆ. ಮಡಿಕೇರಿಯಲ್ಲಿ ಮಹಡಿ ಮೇಲಿನ ಒಂದು ಕೋಣೆ ನಮ್ಮ ಆಫೀಸು. ನಾನು ಸೋಮವಾರಪೇಟೆ ಕಡೆಯವಳು, ಕಂಪ್ಯೂಟರಿನ ಕೆಲಸ ನನ್ನದು. ಅವಳು ಕರಿಕೆಯವಳು, ಅರೆಭಾಷೆ ಮನೆಮಾತು, ಕಾಡಿನ ಕೆಲಸ ಅವಳದು. ಯೋಜನೆಯ ಮುಖ್ಯಸ್ಥೆ ಬೇರೆ ಊರಿನಲ್ಲಿದ್ದು ಆಗಾಗ ಬಂದು ಹೋಗುತ್ತಿದ್ದರು. ಹೀಗೆ ಆಫೀಸೆಂದರೆ ನಾವಿಬ್ಬರೇ. ನಾನು ಕಪ್ಪೆಗಳ ಹೆಸರನ್ನು ತಪ್ಪು ಹೇಳಿದರೆ ಅವಳು ನಗುತ್ತಿದ್ದಳು. ಅವಳು ಅಪ್‌ಲೋಡ್ ಮುಗಿಯುವ ಮೊದಲೇ ಕಾರ್ಡು ಕಿತ್ತರೆ ನಾನು ರೇಗುತ್ತಿದ್ದೆ. ಮಧ್ಯಾಹ್ನ ಒಂದೇ ಡಬ್ಬಿಯ ಅನ್ನ ಹಂಚಿಕೊಂಡು ಉಣ್ಣುತ್ತಿದ್ದೆವು. ಅವಳ ಮಗಳಿಗೆ ಇನ್ನೂ ಎರಡು ವರ್ಷ ತುಂಬಿರಲಿಲ್ಲ, ಗಂಡ ಪಿಕಪ್ ಗಾಡಿ ಓಡಿಸುತ್ತಿದ್ದ, ಮಗುವನ್ನು ಅತ್ತೆ ನೋಡಿಕೊಳ್ಳುತ್ತಿದ್ದರು.

ಧ್ವನಿಯ ಫೈಲುಗಳು ದೊಡ್ಡವು, ಸಿಮ್‌ನಲ್ಲಿ ಬರುವಂಥವಲ್ಲ. ಅವಳು ತಂದ ಕಾರ್ಡನ್ನು ನಾನು ಕಂಪ್ಯೂಟರಿಗೆ ಹಾಕಿ, ಅಲ್ಲಿಂದ ಕ್ಲೌಡಿಗೆ, ಅಂದರೆ ಎಲ್ಲೋ ದೂರದಲ್ಲಿರುವ ಬಾಡಿಗೆ ಕಂಪ್ಯೂಟರುಗಳಿಗೆ, ಕಳಿಸುತ್ತಿದ್ದೆ. ಮಳೆಗಾಲದಲ್ಲಿ ಕರೆಂಟು ಹೋಗುತ್ತಿತ್ತು, ಮರ ಬಿದ್ದು ಇಂಟರ್‌ನೆಟ್ಟಿನ ತಂತಿ ತುಂಡಾಗುತ್ತಿತ್ತು. ಅರ್ಧ ಹೋದ ಫೈಲನ್ನು ಮತ್ತೆ ಮೊದಲಿನಿಂದ ಕಳಿಸಬೇಕಾಗುತ್ತಿತ್ತು. ಹೋದ ಫೈಲು ಇಲ್ಲಿಯದರ ಪಡಿಯಚ್ಚೇ ಎಂದು ತಾಳೆ ನೋಡಿದ ಮೇಲಷ್ಟೇ ಕಾರ್ಡನ್ನು ಖಾಲಿ ಮಾಡುತ್ತಿದ್ದೆ. ಕ್ಲೌಡಿನಲ್ಲಿ ಮೂರು ಹಂತ. ಮೊದಲು ಮನುಷ್ಯರ ಮಾತನ್ನು ಹುಡುಕಿ ಅಳಿಸುವುದು. ಆಮೇಲೆ ಯಾವ ಜೀವಿಯ ಕೂಗು ಎಂದು ಗುರುತಿಸಿ ಆ ಹೊತ್ತಿನ ಮಳೆಯ ಅಂಕಿ ಜೊತೆ ಜೋಡಿಸುವುದು. ಕೊನೆಗೆ ಎಲ್ಲವನ್ನೂ ಬಹುಕಾಲ ಇಡುವ ಸಂಗ್ರಹಕ್ಕೆ ಸಾಗಿಸುವುದು.

ಮೊದಲ ಹಂತ ನಮ್ಮ ಇಷ್ಟದ್ದಲ್ಲ. ಅದು ದೇವರಕಾಡಿನ ಸಮಿತಿಯವರು ಹಾಕಿದ ಷರತ್ತು. ಸೌದೆಗೆ ಬರುವವರು, ಹರಕೆ ಒಪ್ಪಿಸಲು ಬರುವವರು, ಮನೆಯಲ್ಲಿ ಅಳಲಾಗದೆ ಅಲ್ಲಿ ಬಂದು ಕೂರುವವರು, ಎಲ್ಲರೂ ಆ ಕಾಡಿಗೆ ಬರುತ್ತಾರೆ. ದೇವರ ಮುಂದೆ ಆಡಿದ ಮಾತು ಮಿಷಿನ್ನಿನಲ್ಲಿ ಕೂರಬಾರದು, ನಾಳೆ ಯಾರ ಮೇಲೋ ಕೇಸಿಗೆ ಸಾಕ್ಷಿಯಾಗಬಾರದು ಎಂದು ಅವರು ಹೇಳಿದ್ದು ನ್ಯಾಯವಾಗಿಯೇ ಇತ್ತು. ಹಾಗಾಗಿ ಮಾತು ಅಳಿಸಿದ ಪ್ರತಿ ಸರಿಯಾಗಿದೆ ಎಂದು ಪರೀಕ್ಷೆಯಾದ ಕೆಲವು ವಾರಗಳಲ್ಲಿ ಮೂಲ ಫೈಲು ತಾನಾಗಿಯೇ ಅಳಿಯುವಂತೆ ನಿಯಮ ಬರೆದಿದ್ದೆ. ಮರಳಿ ತರುವ ದಾರಿಯನ್ನು ಬೇಕೆಂದೇ ಇಟ್ಟಿರಲಿಲ್ಲ. ಸಮಿತಿಯವರಿಗೆ ಕೊಟ್ಟ ಮಾತು ಅದು, ಇಂದಿಗೂ ನನಗೆ ಅದು ತಪ್ಪೆನಿಸುವುದಿಲ್ಲ.

ಎರಡನೆಯ ವರ್ಷದ ಕಕ್ಕಡ ತಿಂಗಳಲ್ಲಿ, ಅಂದರೆ ಜುಲೈ-ಆಗಸ್ಟಿನಲ್ಲಿ, ಮಳೆ ಜಡಿಯುತ್ತಿದ್ದಾಗ, ಅವಳಿಗೆ ಜ್ವರ ಬಂತು. ಮೈಕೈ ನೋವು, ನೆನೆದದ್ದಕ್ಕೆ ಇರಬೇಕು ಅಂದಳು. ಕಾರ್ಡುಗಳ ಚೀಲವನ್ನು ನನ್ನ ಮೇಜಿನ ಮೇಲಿಟ್ಟು ಬಸ್ ಹಿಡಿದಳು. ಮಡಿಕೇರಿಯ ಆಸ್ಪತ್ರೆಗೆ ಕರೆತರುವಷ್ಟರಲ್ಲಿ ಕಣ್ಣು ಹಳದಿಯಾಗಿತ್ತು. ಇಲಿ ಜ್ವರ ಅಂದರು. ಮಂಗಳೂರಿಗೆ ಸಾಗಿಸಿದರು. ಕಿಡ್ನಿ ಕೆಲಸ ನಿಲ್ಲಿಸಿತ್ತು. ಅಲ್ಲಿಂದ ಅವಳು ನಡೆದು ಬರಲಿಲ್ಲ.

ಸುದ್ದಿ ಬಂದಾಗ ನಾನು ಆಫೀಸಿನಲ್ಲಿದ್ದೆ. ಎದುರಿನ ಪರದೆಯ ಮೇಲೆ ಅವಳು ಕಟ್ಟಿದ ಪೆಟ್ಟಿಗೆಗಳಿಂದ ಮಳೆಯ ಅಂಕಿಗಳು ಒಂದಾದ ಮೇಲೊಂದು ಬಂದು ಕೂರುತ್ತಿದ್ದವು. ಒಂದೂ ತಪ್ಪಿರಲಿಲ್ಲ. ಅದನ್ನು ನೋಡಲಾಗದೆ ಪರದೆಯನ್ನು ಆರಿಸಿದೆ. ಅವಳ ಊಟದ ಡಬ್ಬಿ ಸಿಂಕಿನ ಪಕ್ಕ ಕವುಚಿಟ್ಟ ಹಾಗೇ ಇತ್ತು. ಅದನ್ನು ಯಾರಿಗೆ ಕೊಡುವುದು ಎಂದು ತಿಳಿಯದೆ ಒರೆಸಿ ಕಪಾಟಿನಲ್ಲಿಟ್ಟೆ.

ಕೆಲಸ ನಿಲ್ಲಲಿಲ್ಲ. ಬೇರೊಬ್ಬರು ಬಂದರು. ಅವಳು ಬಿಟ್ಟುಹೋದ ಚೀಲದ ಕಾರ್ಡುಗಳನ್ನೂ ನಾನೇ ಕ್ಲೌಡಿಗೆ ಕಳಿಸಿದೆ. ಕಾರ್ಡು ಹಾಕಿ ಹೆಡ್‌ಫೋನ್ ತೆಗೆದಿಟ್ಟುಬಿಡುತ್ತಿದ್ದೆ. ಗಂಟೆ ಸರಿಪಡಿಸಲು ಮೊದಲ ಫೈಲನ್ನು ಕೇಳಲೇಬೇಕಾದಾಗ, ಗಂಟೆ ಹೇಳಿದ ಕೂಡಲೇ ನಿಲ್ಲಿಸುತ್ತಿದ್ದೆ.

ಕಾಫಿ ಕೊಯ್ಲು ಮುಗಿಯುವ ಹೊತ್ತಿಗೆ ಅವಳ ಗಂಡ ಆಫೀಸಿಗೆ ಬಂದ. ನಾನು ಅವನನ್ನು ನೋಡಿದ್ದು ಮಣ್ಣಿಗೆ ಹೋದ ದಿನ ಮಾತ್ರ. ಕೂರಲು ಹೇಳಿದರೂ ನಿಂತೇ ಇದ್ದ. ಅವಳ ಫೋನು ಅದೇ ಮಳೆಗಾಲದಲ್ಲಿ ನೀರು ಹೋಗಿ ಹಾಳಾಗಿತ್ತಂತೆ, ತನ್ನದನ್ನು ಬದಲಿಸುವಾಗ ಹಳೆಯ ಮೆಸೇಜುಗಳೆಲ್ಲ ಹೋದವಂತೆ. ಮದುವೆಯ ವೀಡಿಯೊ ಇದೆ, ಅದರಲ್ಲಿ ಬರೀ ವಾಲಗದ ಸದ್ದು ಎಂದ.

“ಅವಳ ಸ್ವರ ನಿಮ್ಮ ಹತ್ರ ಉಂಟಲ್ಲ ಮೇಡಂ, ಆ ಪೆಟ್ಟಿಗೆಲಿ,” ಎಂದು ಕೇಳಿದ. “ಮಗುಗೆ ಬೇಕಿತ್ತು. ಫೋಟೋ ತೋರಿಸಿದ್ರೆ ಅಮ್ಮ ಅಂತ ಹೇಳ್ತದೆ. ಸ್ವರ ಮರ್ತಿದೆ.”

ನನ್ನ ಬಾಯಿಂದ ‘ಇದೆ’ ಎಂದು ಬಂದುಬಿಟ್ಟಿತು. ಕೊಡಲು ಸಮಿತಿಯವರ ಒಪ್ಪಿಗೆ ಬೇಕಾಗುತ್ತದೆ, ಕೇಳಿ ನೋಡುತ್ತೇನೆ, ಮಾತಂತೂ ಇದೆ ಎಂದು ಧೈರ್ಯ ಹೇಳಿ ಕಳಿಸಿದೆ.

ಅವನು ಮೆಟ್ಟಿಲಿಳಿದ ಮೇಲೆ ಕ್ಲೌಡಿನಲ್ಲಿ ಮೂಲ ಫೈಲುಗಳ ಜಾಗವನ್ನು ತೆರೆದೆ. ಮೊದಲ ವರ್ಷದ ಫೋಲ್ಡರು ಖಾಲಿ. ಎರಡನೆಯ ವರ್ಷದ್ದೂ ಖಾಲಿ. ಅವಳ ಚೀಲದಲ್ಲಿದ್ದ ಕೊನೆಯ ಕಾರ್ಡುಗಳ ಸರದಿ ಕೂಡ ಮುಗಿದಿತ್ತು. ನಿಯಮ ತನ್ನ ಪಾಡಿಗೆ ಕೆಲಸ ಮಾಡಿತ್ತು. ಮಾತು ಅಳಿಸಿದ ಪ್ರತಿಗಳು ಸಂಗ್ರಹದಲ್ಲಿದ್ದವು. ಅಲ್ಲಿಂದ ಒಂದು ಫೈಲನ್ನು ಹಿಂದಕ್ಕೆ ಕೇಳಿದರೆ ಕೂಡಲೇ ಸಿಗುವುದಿಲ್ಲ, ಗಂಟೆಗಟ್ಟಲೆ ಕಾಯಬೇಕು. ಕಾದೆ. ಬಂದದ್ದನ್ನು ತೆರೆದು ಹೆಡ್‌ಫೋನ್ ಹಾಕಿಕೊಂಡೆ. ಶುರುವಿನಲ್ಲಿ ಏನೂ ಇಲ್ಲ. ಆಮೇಲೆ ಬೂಟಿನ ಸದ್ದು. ಅವಳು ನಡೆದುಹೋಗುವುದನ್ನು ಕೇಳುತ್ತ ಕೂತೆ. ಮಾತನ್ನು ಮಾತ್ರ ಅಳಿಸಲು ಹೇಳಿದ್ದೆವು, ಹೆಜ್ಜೆ ಉಳಿದಿತ್ತು.

ಇನ್ನೂ ನಾಲ್ಕಾರು ಫೈಲು ತರಿಸಿ ನೋಡಿದೆ. ಎಲ್ಲವೂ ಹಾಗೆಯೇ. ಕಾರ್ಡುಗಳಲ್ಲಿ ಹಳೆಯದೇನಾದರೂ ಉಳಿದಿದೆಯೋ ಎಂದು ಕಳೆದ ಫೈಲು ಹುಡುಕುವ ಸಾಫ್ಟ್‌ವೇರ್ ಹಾಕಿ ನೋಡಿದೆ. ಕಾರ್ಡುಗಳು ಮತ್ತೆ ಮತ್ತೆ ಕಾಡಿಗೆ ಹೋಗಿ ತುಂಬಿ ಬಂದಿದ್ದವು, ಅಡಿಯಲ್ಲಿ ಏನೂ ಇರಲಿಲ್ಲ. ಅವನಿಗೆ ಫೋನು ಮಾಡಿ ಹೇಳುವುದೇ ಸರಿ ಎಂದುಕೊಂಡೆ. ಹೇಳಿದೆ. ಅವನು ಸಿಟ್ಟಾಗಲಿಲ್ಲ. ‘ಆಗ್ಲಿ ಮೇಡಂ, ಇಲ್ಲದಿದ್ರೆ ಎಂತ ಮಾಡುದು’ ಎಂದು ಫೋನಿಟ್ಟ. ಸಿಟ್ಟಾಗಿದ್ದರೆ ನನಗೆ ಅಷ್ಟು ಕಷ್ಟವಾಗುತ್ತಿರಲಿಲ್ಲ.

ಹೀಗಿರುವಾಗ ಯೋಜನೆಯ ಮುಖ್ಯಸ್ಥೆಯಿಂದ ಮೇಲ್ ಬಂತು. ಸಂಗ್ರಹವನ್ನು ಎಲ್ಲರಿಗೂ ತೆರೆಯುವ ಸಮಯ ಹತ್ತಿರ ಬಂದಿತ್ತು. ‘ಅನುಮಾನ’ ಎಂಬ ಫೋಲ್ಡರು ಇನ್ನೂ ಹಾಗೇ ಇದೆ, ಅದನ್ನು ಮುಗಿಸಿ ಎಂದಿದ್ದರು.

ಆ ಫೋಲ್ಡರನ್ನು ನಾನು ಮರೆತೇಬಿಟ್ಟಿದ್ದೆ. ಮಾತು ಹುಡುಕುವ ಪ್ರೋಗ್ರಾಮು ಜೋರು ಮಳೆಯಲ್ಲಿ ಸೋಲುತ್ತಿತ್ತು. ಎಲೆ ಮೇಲೆ, ಪೆಟ್ಟಿಗೆಯ ಮುಚ್ಚಳದ ಮೇಲೆ ಮಳೆ ಹೊಡೆಯುವ ಸದ್ದಿನಲ್ಲಿ ಮಾತಿದೆಯೋ ಇಲ್ಲವೋ ಅದಕ್ಕೆ ಗೊತ್ತಾಗುತ್ತಿರಲಿಲ್ಲ. ಅಂಥ ಫೈಲುಗಳನ್ನು ಮುಂದಿನ ಹಂತಕ್ಕೂ ಬಿಡದೆ, ಅಳಿಸದೆ, ಮನುಷ್ಯರು ಕೇಳಿ ತೀರ್ಮಾನಿಸಲಿ ಎಂದು ಬೇರೆ ತೆಗೆದಿಡುತ್ತಿತ್ತು. ಮನುಷ್ಯರು ಕೇಳುವ ತನಕ ಅವುಗಳ ಮೂಲಕ್ಕೆ ಅಳಿಸುವ ನಿಯಮ ತಾಗುವುದಿಲ್ಲ.

ಫೋನು ಮಾಡಿದಾಗ ಮುಖ್ಯಸ್ಥೆ ಹೇಳಿದ್ದು ಸರಳವಾಗಿತ್ತು. ಅಷ್ಟು ಮಳೆಯಲ್ಲಿ ಕಪ್ಪೆಯೂ ಕೇಳುವುದಿಲ್ಲ, ನಮ್ಮ ವಿಶ್ಲೇಷಣೆಗೆ ಅದು ಬೇಕಿಲ್ಲ, ಪೂರ್ತಿ ಫೋಲ್ಡರು ತೆಗೆದುಹಾಕಿ ಎಂದರು. ಒಂದು ಸಾಲಿನ ಆಜ್ಞೆ ಸಾಕಿತ್ತು. ನಾನು ಅದನ್ನು ಟೈಪ್ ಕೂಡ ಮಾಡಿದ್ದೆ. ಎಂಟರ್ ಒತ್ತಲಿಲ್ಲ. ಎಲ್ಲವನ್ನೂ ಕೇಳಿಯೇ ಅಳಿಸುತ್ತೇನೆ, ಬೇರೆ ಕೆಲಸ ಮುಗಿಸಿಕೊಂಡು ಕೇಳುತ್ತೇನೆ ಎಂದು ಅವರಿಗೆ ಹೇಳಿದೆ. ಕಾರಣವನ್ನೂ ಹೇಳಿದೆ. ಅವರು ಒಪ್ಪಿದರು. ಆಮೇಲೆ, “ಸಿಕ್ಕಿದ್ರೆ ಸಮಿತಿಯವರನ್ನ ಕೇಳದೆ ಹೊರಗೆ ಕೊಡಬೇಡಿ,” ಎಂದರು.

ಹೊರಗೆ ಚಳಿಗಾಲದ ಒಣ ಬಿಸಿಲು. ನನ್ನ ಕಿವಿಯಲ್ಲಿ ದಿನವಿಡೀ ಕಕ್ಕಡದ ಮಳೆ. ಮೊದಮೊದಲು ಬರೀ ಒಂದು ಭೋರ್ಗರೆತ. ಕೇಳುತ್ತ ಕೇಳುತ್ತ ಮಳೆಯಲ್ಲೂ ಪದರಗಳು ಬಿಡಿಸಿಕೊಂಡವು. ಮೇಲಿನ ಎಲೆಗಳದ್ದು ಒಂದು, ಮುಚ್ಚಳದ್ದು ಒಂದು, ಬುಡದಲ್ಲಿ ಹರಿಯುವ ನೀರಿನದು ಇನ್ನೊಂದು. ಹವಾಮಾನ ಪೆಟ್ಟಿಗೆಯ ಅಂಕಿಗಳನ್ನು ಪಕ್ಕದಲ್ಲಿಟ್ಟುಕೊಂಡು, ಮಳೆ ಸ್ವಲ್ಪ ಇಳಿದ ನಿಮಿಷಗಳನ್ನು ಮೊದಲು ಕೇಳಿದೆ. ಬೇರೆಯವರ ಮಾತುಗಳೂ ಬಂದವು. ಯಾರೋ ಮಳೆಗೆ ಮರದಡಿ ನಿಂತು ಬೀಡಿ ಹಚ್ಚುತ್ತ ಮಾತಾಡುತ್ತಿದ್ದರು. ಎಲ್ಲೋ ಒಬ್ಬ ಹೆಂಗಸು ಅಳುತ್ತಿದ್ದಳು. ಅಂಥದ್ದು ಬಂದ ಕೂಡಲೇ ನಿಲ್ಲಿಸಿ ಆ ಫೈಲನ್ನು ಅಳಿಸಿದೆ. ಕೇಳುವುದು ನನ್ನ ಕೆಲಸವೇ ಆಗಿದ್ದರೂ ಕದ್ದು ಕೇಳಿದಂತಾಗುತ್ತಿತ್ತು.

ಅವಳು ಸಿಕ್ಕಿದ್ದು ಒಂದು ಮಧ್ಯಾಹ್ನ. ಕಾಡಿನ ಹೆಸರು ಅರ್ಧ, ನಂಬರು ಕೇಳಿಸಲಿಲ್ಲ. “ಮಳೆ ಜೋರುಟ್ಟು,” ಎಂದದ್ದು ಮಾತ್ರ ಕೇಳಿಸಿತು. ಅವಳ ಭಾಷೆಯಲ್ಲಿ, ಮಳೆ ಜೋರಾಗಿದೆ ಎಂದು. ಮಿಷಿನ್ನಿಗೆ ಸಿಗದೆ ಮಳೆಯ ಅಡಿಯಲ್ಲಿ ಉಳಿದುಕೊಂಡಿದ್ದಳು. ಹೆಡ್‌ಫೋನ್ ತೆಗೆದು ಮೇಜಿನ ಮೇಲೆ ತಲೆಯಿಟ್ಟೆ. ಆ ದಿನ ಮುಂದಿನ ಫೈಲು ಕೇಳಲಾಗಲಿಲ್ಲ.

ಇಡೀ ಫೋಲ್ಡರು ಮುಗಿಯುವಷ್ಟರಲ್ಲಿ ಅವಳು ಎಂದು ಖಚಿತವಾಗಿ ಹೇಳಬಹುದಾದ ತುಣುಕುಗಳು ಬೆರಳೆಣಿಕೆಯಷ್ಟು ಸಿಕ್ಕವು. ಒಂದರಲ್ಲಿ ಅವಳು ಗಟ್ಟಿಯಾಗಿ, ಬೇರೆಲ್ಲದಕ್ಕಿಂತ ಉದ್ದಕ್ಕೆ ಏನೋ ಹೇಳುತ್ತಿದ್ದಳು. ‘ಗೂಡು’ ಎಂಬ ಶಬ್ದ ಬಿಟ್ಟರೆ ನನಗೆ ಏನನ್ನೂ ಬಿಡಿಸಿಕೊಳ್ಳಲಾಗಲಿಲ್ಲ. ಯಾವುದೋ ಹಕ್ಕಿಯ ಗೂಡನ್ನು ಕಂಡಿರಬೇಕು ಎಂದುಕೊಂಡು ಫೈಲಿನ ಹೆಸರಿನ ಮುಂದೆ ಹಾಗೇ ಬರೆದಿಟ್ಟೆ.

ಸಮಿತಿಯ ಹಿರಿಯರನ್ನು ಅಲ್ಲಿ ತಕ್ಕರು ಎನ್ನುತ್ತಾರೆ. ಅವರ ಮನೆಗೆ ಹೋದೆ. ಕಾಫಿ ಕೊಟ್ಟು, ನಾನು ಹೇಳಿದ್ದನ್ನೆಲ್ಲ ಕೇಳಿ, ಒಬ್ಬನೇ ಹೇಳಲಾಗುವುದಿಲ್ಲ, ಸಭೆಯಲ್ಲಿ ಇಡುತ್ತೇನೆ ಎಂದರು. ಸಭೆಗೆ ನನ್ನನ್ನೂ ಕರೆದರು. ಒಬ್ಬರು ಒಪ್ಪಲೇ ಇಲ್ಲ. ಇಂದು ಒಬ್ಬಳ ಮಾತು ಕೊಟ್ಟರೆ ನಾಳೆ ಪೊಲೀಸರು ಬಂದು ಕಾಡಿನಲ್ಲಿ ಯಾರಿದ್ದರು ಹೇಳಿ ಎಂದರೆ ಏನು ಮಾಡುತ್ತೀರಿ, ಅಳಿಸುತ್ತೇವೆ ಎಂದ ಮೇಲೆ ಅಳಿಸಬೇಕು ಎಂದರು. ಅವರು ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಅಳಿಸುತ್ತೇವೆ, ಅಳಿಸುವ ಮೊದಲು ಒಂದು ಸಲ ಅವಳ ಮನೆಗೆ ಕೊಡಲು ಬಿಡಿ ಎಂದಷ್ಟೇ ಕೇಳಿದೆ.

“ಅವಳು ಕಾಡಿಗೆ ಬರುವಾಗ ಚಪ್ಪಲಿ ಕೈಲಿ ಹಿಡ್ಕೊಂಡು, ಒಳಗೆ ಹೋಗ್ಲಾ ಅಂತ ನನ್ನ ಹತ್ರ ಕೇಳ್ತಿದ್ದಳು,” ಎಂದರು ತಕ್ಕರು. “ಬೂಟು ಹಾಕೊಂಡೇ ಹೋಗಮ್ಮ, ಜಿಗಣೆ ಉಂಟು ಅಂತ ಹೇಳಿದ್ದು ನಾನೇ.” ಆಮೇಲೆ ನನ್ನ ಕಡೆ ತಿರುಗಿದರು. “ಅವಳದ್ದು ಅವಳ ಮನೆಗೆ ಕೊಡಿ. ಬೇರೆಯವರ ಒಂದು ಕೆಮ್ಮು ಸಹ ಹೋಗ್ಬಾರ್ದು. ಕೊಟ್ಟ ಮೇಲೆ ನಿಮ್ಮಲ್ಲಿ ಒಂದೂ ಉಳೀಬಾರ್ದು.”

ಸಭೆ ಹಾಗೇ ತೀರ್ಮಾನಿಸಿತು.

ತುಣುಕುಗಳನ್ನು ಹಾಗೆಯೇ ಕೊಟ್ಟರೆ ಮಗುವಿಗೆ ಏನು ಕೇಳಿಸೀತು ಎಂದು, ಮಳೆಯ ಸದ್ದು ತೆಗೆದು ಮಾತನ್ನು ಮೇಲೆತ್ತುವ ಪ್ರಯತ್ನ ಮಾಡಿದೆ. ಕ್ಲೌಡಿನಲ್ಲಿ ದೊಡ್ಡ ಕಂಪ್ಯೂಟರನ್ನು ಸ್ವಲ್ಪ ಹೊತ್ತಿಗೆ ಬಾಡಿಗೆಗೆ ಹಿಡಿದು, ಮಾತನ್ನು ಶುದ್ಧ ಮಾಡುವ ಪ್ರೋಗ್ರಾಮುಗಳನ್ನು ಒಂದೊಂದಾಗಿ ಓಡಿಸಿದೆ. ಮೊದಲನೆಯದು ಮಳೆಯ ಜೊತೆ ಅವಳನ್ನೂ ತೆಗೆದುಹಾಕಿತು. ಎರಡನೆಯದರಲ್ಲಿ ಮಾತು ಉಳಿಯಿತು, ಆದರೆ ತಗಡಿನ ಡಬ್ಬಿಯೊಳಗಿಂದ ಬಂದಂತಿತ್ತು. ಮೂರನೆಯದು ಎಲ್ಲಕ್ಕಿಂತ ಚೆನ್ನಾಗಿ ಮಾಡಿತು. ಶಬ್ದಗಳು ಸ್ಪಷ್ಟವಾದವು. ಆದರೆ ಮಳೆ ನುಂಗಿದ ಜಾಗವನ್ನು ಅದು ತಾನೇ ಊಹಿಸಿ ತುಂಬುತ್ತಿತ್ತು. ಎಷ್ಟು ಅವಳದು, ಎಷ್ಟು ಅದರದು ಎಂದು ನನಗೇ ತಿಳಿಯಲಿಲ್ಲ. ಕೊನೆಗೆ ಎರಡನ್ನೂ ಹಾಕಿಕೊಂಡೆ, ಶುದ್ಧ ಮಾಡಿದ್ದನ್ನೂ ಮಳೆಯಿದ್ದದ್ದನ್ನೂ.

ಅವಳ ಮನೆಯಿಂದ ಮರಳಿದ ಮೇಲೆ ‘ಅನುಮಾನ’ದ ಫೋಲ್ಡರನ್ನು ಖಾಲಿ ಮಾಡಿದೆ. ತಕ್ಕರಿಗೆ ಫೋನು ಮಾಡಿ ತಿಳಿಸಿದೆ. ಸಂಗ್ರಹ ಈಗ ತೆರೆದಿದೆ, ಎಲ್ಲೆಲ್ಲಿಯವರೋ ನಮ್ಮ ಕಪ್ಪೆಗಳನ್ನು ಕೇಳುತ್ತಾರೆ. ಅದರ ಬಗ್ಗೆ ಬೇರೆ ಕಡೆ ಬರೆದಿದ್ದೇನೆ. ಇಲ್ಲಿ ಹೇಳಬೇಕಾದ್ದು ನಾನು ಅವಳ ಮನೆಗೆ ಹೋದ ಭಾನುವಾರದ್ದು.

ಭಾಗಮಂಡಲ ದಾಟಿ ಕಾಡಿನ ದಾರಿಯಲ್ಲಿ ಬಸ್ಸು ಕರಿಕೆಗೆ ಇಳಿಯುವಾಗ ಎಲ್ಲಿ ನೋಡಿದರೂ ಒಣಗಿದ ಹೊಳೆಕಲ್ಲು. ಅವಳ ಗಂಡ ರಸ್ತೆಯಲ್ಲಿ ಕಾಯುತ್ತಿದ್ದ. ಅವಳ ಊಟದ ಡಬ್ಬಿಯನ್ನೂ ತಂದಿದ್ದೆ, ಅತ್ತೆಯ ಕೈಗೆ ಕೊಟ್ಟೆ. ಅವರು ಅದನ್ನು ಸೆರಗಿನಿಂದ ಒರೆಸಿ ಒಳಗೆ ತೆಗೆದುಕೊಂಡು ಹೋದರು, ಬಹಳ ಹೊತ್ತು ಹೊರಗೆ ಬರಲಿಲ್ಲ. ಮಗು ನನ್ನ ಚೀಲದ ಜಿಪ್ಪನ್ನು ಎಳೆಯುತ್ತ ಪಕ್ಕದಲ್ಲೇ ಕೂತಿತು.

ಫೈಲುಗಳನ್ನು ಅವನ ಫೋನಿಗೆ ಹಾಕಿದೆ. ಮೊದಲು ಶುದ್ಧ ಮಾಡಿದ್ದನ್ನು ಕೇಳಿಸಿದೆ. ಅವನು ಪೂರ್ತಿ ಕೇಳಿದ. ಇನ್ನೊಂದು ಸಲ ಹಾಕಿ ಕೇಳಿದ.

“ಇದು ಅವಳ ಹಾಗೆ ಉಂಟು ಮೇಡಂ,” ಎಂದ. “ಅವಳಲ್ಲ.”

ಮಳೆಯಿದ್ದದ್ದನ್ನು ಹಾಕಿದೆ. ಫೋನನ್ನು ಕಿವಿಗೆ ಒತ್ತಿ, ಇನ್ನೊಂದು ಕಿವಿಯನ್ನು ಅಂಗೈಯಿಂದ ಮುಚ್ಚಿಕೊಂಡ. ಮುಖ ನೋಡಲಾಗದೆ ನಾನು ಅಂಗಳ ನೋಡುತ್ತ ಕೂತೆ. ಆಮೇಲೆ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಅದರ ಕಿವಿಗೆ ಫೋನು ಹಿಡಿದ. ಮಗು ಕಣ್ಣರಳಿಸಿ ಕೇಳಿತು. “ಮಳೆ,” ಎಂದಿತು. ಹೌದು ಮಳೆ ಎಂದ ಅವನು. ಮಗು ಇಳಿದು ಅಜ್ಜಿಯನ್ನು ಹುಡುಕಿಕೊಂಡು ಒಳಗೆ ಹೋಯಿತು.

ಕೊನೆಯದು, ಉದ್ದದ್ದು, ಉಳಿದಿತ್ತು. ಇದರಲ್ಲಿ ಏನೋ ಗೂಡಿನ ಬಗ್ಗೆ ಹೇಳುತ್ತಾಳೆ, ಉಳಿದದ್ದು ನನಗೆ ತಿಳಿಯಲಿಲ್ಲ ಎಂದೆ. ಅವನು ಕೇಳಿದ. ಹಿಂದಕ್ಕೆ ಎಳೆದು ಮತ್ತೆ ಕೇಳಿದ. ಮೂರನೆಯ ಸಲ ಕೇಳುವಾಗ ತುಟಿ ಅಲುಗುತ್ತಿತ್ತು.

“ಗೂಡು ಅಲ್ಲ ಮೇಡಂ, ಗೂಡೆ,” ಎಂದ. ಗೂಡೆ ಎಂದರೆ ಅವರ ಭಾಷೆಯಲ್ಲಿ ಹೆಣ್ಣು ಮಗು. ಅವಳ ಬಾಯಲ್ಲಿ ಎಷ್ಟೋ ಸಲ ಕೇಳಿದ್ದ ಶಬ್ದ, ಕಾಡಿನಲ್ಲಿ ಹೇಳಿದ್ದಲ್ಲವೇ ಎಂದು ನನ್ನ ಕಿವಿ ಅದನ್ನು ಹಕ್ಕಿಗೆ ಜೋಡಿಸಿಬಿಟ್ಟಿತ್ತು.

“ಗೂಡೆ ಮಲಗಿತಾ ಅಂತ ಕೇಳ್ತಿದ್ದಾಳೆ. ಪೆಟ್ಟಿಗೆ ಹತ್ರ ಅಲ್ಲ, ಫೋನ್‌ಲಿ. ನನ್ನ ಹತ್ರ.”

ಆ ಕಾಡು ರಸ್ತೆಯ ಬದಿಯದು, ಅಲ್ಲಿ ಫೋನು ಸಿಗುತ್ತಿತ್ತು. ಮಳೆಯಲ್ಲೂ ಅವನಿಗೆ ಕೇಳಿಸಲಿ ಎಂದು ಅವಳು ಸ್ವರ ಏರಿಸಿದ್ದಳು.

ಅವನು ಫೋನನ್ನು ಕೈಯಲ್ಲಿ ಹಿಡಿದುಕೊಂಡೇ ಕೂತಿದ್ದ. ಒಳಗೆ ಮಗು ಅಜ್ಜಿಯ ಹತ್ತಿರ ಏನೋ ಕೇಳುತ್ತಿತ್ತು.

“ನಾನು ಎಂತ ಹೇಳಿದೆ ಅಂತ ನೆನಪಾಗುದಿಲ್ಲ,” ಎಂದ. ನನ್ನ ಕಡೆ ನೋಡಿದ. “ನಾನು ಹೇಳಿದ್ದು ಇದರಲ್ಲಿ ಬಂದಿಲ್ವ ಮೇಡಂ?”

ಬರುವುದಿಲ್ಲ, ಪೆಟ್ಟಿಗೆಗೆ ಅವಳ ಕಡೆಯದ್ದು ಮಾತ್ರ ಕೇಳಿಸುತ್ತದೆ ಎಂದೆ. ಅವನು ತಲೆಯಾಡಿಸಿದ. ಆದರೂ ಫೈಲನ್ನು ಮತ್ತೆ ಮೊದಲಿನಿಂದ ಹಾಕಿ, ಅವಳು ಕೇಳಿ ನಿಲ್ಲಿಸಿದ ಮೇಲಿನ ಮಳೆಯನ್ನು, ಅದು ಮುಗಿಯುವ ತನಕ ಕೇಳಿದ.